ಶಾಲಾ ಕಟ್ಟಡದ ಹೊಣೆ: ವಿಮೆ ಮತ್ತು ಮೇಲ್ವಿಚಾರಣೆಯ ಇತಿಹಾಸದಿಂದ ಕೆಲವು ಪುಟಗಳು

ಕನ್ನಡದ ‘ಹೊಣೆ’ ಎಂಬ ಮಾತಿನಲ್ಲಿ ಎರಡು ಅರ್ಥಗಳು ಬಹುಕಾಲದಿಂದ ಜೊತೆಯಾಗಿ ನಡೆದುಬಂದಿವೆ. ಹಳಗನ್ನಡದ ‘ಪೊಣೆ’ಯಿಂದ ಬಂದ ಈ ಶಬ್ದವು ಒಬ್ಬನ ಸಾಲಕ್ಕೋ ನಡತೆಗೋ ಮತ್ತೊಬ್ಬನು ನಿಲ್ಲುವ ಜಾಮೀನನ್ನು ಸೂಚಿಸುತ್ತದೆ; ತಾನು ಕೈಕೊಂಡ ಕಾರ್ಯಕ್ಕೆ ತಾನೇ ಉತ್ತರವಾದಿಯಾಗಿ ನಿಲ್ಲುವ ಭಾವವನ್ನೂ ಸೂಚಿಸುತ್ತದೆ. ಮೊದಲನೆಯ ಹೊಣೆಯನ್ನು ಹಣ ತೆತ್ತು ತೀರಿಸಬಹುದು. ಎರಡನೆಯದನ್ನು ಹಾಗೆ ತೀರಿಸಲು ಬಾರದು. ಸಾರ್ವಜನಿಕರ ಹಣದಿಂದ ಶಾಲೆಗಳನ್ನು ಕಟ್ಟಿಸುವ ಕಾರ್ಯದಲ್ಲಿ ಈ ಎರಡು ಹೊಣೆಗಳು ಹೇಗೆ ಬೇರೆಬೇರೆಯಾದವು, ಯಾವ ಆಘಾತದಿಂದ ಮತ್ತೆ ಕೂಡಿದವು, ಕೂಡಿದ ಮೇಲೂ ಎಲ್ಲಿ ಅಗಲಿದವು ಎಂಬ ವೃತ್ತಾಂತವು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಮತ್ತು ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದ ಇತಿಹಾಸದಲ್ಲಿ ವಿಶದವಾಗಿ ದೊರೆಯುತ್ತದೆ.

ಕಟ್ಟುವವನ ಹೊಣೆಯ ಪ್ರಶ್ನೆ ಅತ್ಯಂತ ಪ್ರಾಚೀನವಾದುದು. ಕ್ರಿಸ್ತಪೂರ್ವ 18ನೆಯ ಶತಮಾನದಲ್ಲಿ ಬ್ಯಾಬಿಲೋನನ್ನು ಆಳಿದ ಹಮ್ಮುರಾಬಿಯ ಶಾಸನದಲ್ಲಿಯೇ ಇದರ ವಿಚಾರ ಬಂದಿದೆ. ಕಟ್ಟಿದ ಮನೆ ಕುಸಿದು ಒಡೆಯನು ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಒಡೆಯನ ಮಗನು ಸತ್ತರೆ ಕಟ್ಟಿದವನ ಮಗನಿಗೆ ಮರಣ. ಸೊತ್ತು ಹಾಳಾದರೆ ನಷ್ಟವನ್ನು ತುಂಬಿ ತನ್ನ ಸ್ವಂತ ವೆಚ್ಚದಿಂದ ಮನೆಯನ್ನು ಮತ್ತೆ ಕಟ್ಟಿಕೊಡಬೇಕು. ತಂದೆಯ ತಪ್ಪಿಗೆ ಮಗನನ್ನು ಕೊಲ್ಲುವ ಈ ನ್ಯಾಯ ಕ್ರೂರವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೂ ಅದರಲ್ಲಿ ಒಂದು ಸರಳತೆ ಇದೆ. ಕಟ್ಟಿದವನು ಒಬ್ಬ, ವಾಸಿಸುವವನು ಒಬ್ಬ. ಅವರ ನಡುವೆ ಮೂರನೆಯವನಿಲ್ಲ.

ಶಾಲೆಯ ಸಂದರ್ಭದಲ್ಲಿ ಈ ಸರಳತೆ ಉಳಿಯಲಾರದು. ಕಟ್ಟಿಸುವವರು ಒಂದು ಮಂಡಲಿಯೋ ಪುರಸಭೆಯೋ ಆಗಿರುತ್ತಾರೆ, ಹಣ ಕೊಡುವವರು ತೆರಿಗೆದಾರರು, ನಕ್ಷೆ ಬರೆಯುವವನು ವಾಸ್ತುಶಿಲ್ಪಿ, ಕಟ್ಟುವವನು ಗುತ್ತಿಗೆದಾರ, ಅವನ ಕೆಳಗೆ ಒಳಗುತ್ತಿಗೆದಾರರು, ಮೇಸ್ತ್ರಿಗಳು, ಕೂಲಿಕಾರರು. ಕಟ್ಟಡದೊಳಗೆ ದಿನವೆಲ್ಲ ಕುಳಿತಿರುವ ಮಕ್ಕಳಿಗಾದರೋ ಈ ಯಾವ ನಿರ್ಣಯದಲ್ಲಿಯೂ ಪಾತ್ರವಿಲ್ಲ. ಕಡ್ಡಾಯ ಶಿಕ್ಷಣದ ಕಾಯಿದೆ ಇರುವ ನಾಡಿನಲ್ಲಿ ರಾಜ್ಯವೇ ಅವರನ್ನು ಆ ಛಾವಣಿಯ ಕೆಳಗೆ ಕರೆತಂದು ಕೂರಿಸುತ್ತದೆ. ಮನೆಯನ್ನು ಕೊಳ್ಳುವವನು ಗೋಡೆಯನ್ನು ತಟ್ಟಿ ನೋಡಿಯಾನು. ಒಂದನೆಯ ತರಗತಿಯ ಬಾಲಕನು ನೋಡಲಾರನು.

ಇಷ್ಟು ಜನರ ನಡುವೆ ಹಂಚಿಹೋದ ಹೊಣೆಯನ್ನು ಹಿಡಿದಿಡಲು ಮೊದಲು ಹುಟ್ಟಿದ ಉಪಾಯ ಜಾಮೀನು. ಅಮೆರಿಕದಲ್ಲಿ ಇದಕ್ಕೆ ಒಂದು ವಿಶೇಷ ಕಾರಣವಿದ್ದಿತು. ಖಾಸಗಿ ಮನೆಯನ್ನು ಕಟ್ಟಿದ ಕೂಲಿಕಾರನಿಗೂ ಸಾಮಗ್ರಿ ಒದಗಿಸಿದ ವರ್ತಕನಿಗೂ ಹಣ ಬಾರದಿದ್ದರೆ ಆ ಕಟ್ಟಡದ ಮೇಲೆಯೇ ಹಕ್ಕು ಸಾಧಿಸುವ ಅವಕಾಶ ಅಲ್ಲಿನ ಕಾನೂನಿನಲ್ಲಿದೆ. ಸರ್ಕಾರದ ಕಟ್ಟಡದ ಮೇಲೆ, ಆದುದರಿಂದ ಸಾರ್ವಜನಿಕ ಶಾಲೆಯ ಮೇಲೆ, ಅಂತಹ ಹಕ್ಕು ನಡೆಯದು. ಗುತ್ತಿಗೆದಾರನು ದಿವಾಳಿಯೆದ್ದು ಅರ್ಧ ಕಟ್ಟಿದ ಗೋಡೆಗಳನ್ನು ಬಿಟ್ಟುಹೋದರೆ ಮಂಡಲಿಗೆ ಶಾಲೆಯಿಲ್ಲ, ಕೂಲಿಕಾರನಿಗೆ ಕೂಲಿಯಿಲ್ಲ. ಇದನ್ನು ತಡೆಯುವುದಕ್ಕಾಗಿ ಕೇಂದ್ರ ಸರ್ಕಾರದ ಕಟ್ಟಡಗಳಿಗೆ 1894ರಲ್ಲಿ ಹರ್ಡ್ ಕಾಯಿದೆಯೂ ಅದರ ಸ್ಥಾನದಲ್ಲಿ 1935ರಲ್ಲಿ ಮಿಲ್ಲರ್ ಕಾಯಿದೆಯೂ ಬಂದವು. ಕೆಲಸವನ್ನು ಪೂರ್ತಿಮಾಡುವುದಕ್ಕೆ ಒಂದು ಜಾಮೀನು, ಕೂಲಿ ಮತ್ತು ಸಾಮಗ್ರಿಯ ಬಾಕಿಯನ್ನು ಸಲ್ಲಿಸುವುದಕ್ಕೆ ಇನ್ನೊಂದು ಜಾಮೀನು, ಇವೆರಡನ್ನೂ ಗುತ್ತಿಗೆದಾರನು ಒದಗಿಸಬೇಕೆಂಬುದು ಮಿಲ್ಲರ್ ಕಾಯಿದೆಯ ತಿರುಳು. ಇದೇ ಮಾದರಿಯ ಕಾಯಿದೆಗಳು ರಾಜ್ಯಗಳಲ್ಲಿಯೂ ಇದ್ದು, ಶಾಲೆಗಳ ಕಾಮಗಾರಿಗೆ ಅವು ಅನ್ವಯಿಸುತ್ತವೆ. ನಮ್ಮ ಲೋಕೋಪಯೋಗಿ ಇಲಾಖೆಯ ಟೆಂಡರುಗಳಲ್ಲಿ ಕೇಳುವ ಮುಂಗಡ ಠೇವಣಿ, ಭದ್ರತಾ ಠೇವಣಿಗಳು ಇದೇ ಉದ್ದೇಶದವು.

ಜಾಮೀನಿಗೂ ವಿಮೆಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ವಿಮೆಗಾರನು ನಷ್ಟವು ಆಗಿಯೇ ತೀರುವುದೆಂದು ಭಾವಿಸಿ ಅನೇಕರಿಂದ ಕಂತು ಕೂಡಿಸಿ ನಷ್ಟಪಟ್ಟ ಕೆಲವರಿಗೆ ಕೊಡುತ್ತಾನೆ. ಜಾಮೀನು ನಿಲ್ಲುವ ಸಂಸ್ಥೆಯಾದರೋ ನಷ್ಟವೇ ಆಗದೆಂಬ ನಂಬಿಕೆಯಿಂದ ನಿಲ್ಲುತ್ತದೆ. ತೆತ್ತ ಹಣವನ್ನು ಗುತ್ತಿಗೆದಾರನಿಂದ ವಸೂಲು ಮಾಡುವ ಹಕ್ಕನ್ನು ಉಳಿಸಿಕೊಂಡಿರುತ್ತದೆ. ಆದುದರಿಂದ ಅದು ಮೊದಲೇ ಗುತ್ತಿಗೆದಾರನ ಶೀಲ, ಸಾಮರ್ಥ್ಯ, ಬಂಡವಾಳ ಈ ಮೂರನ್ನೂ ಪರೀಕ್ಷಿಸುತ್ತದೆ. ವ್ಯಾಪಾರದ ಭಾಷೆಯಲ್ಲಿ ಶೀಲಕ್ಕೆ ಮೊದಲ ಸ್ಥಾನ ದೊರೆತ ಅಪರೂಪದ ಉದಾಹರಣೆಗಳಲ್ಲಿ ಇದೊಂದು ಎನ್ನಬಹುದು.

ಇನ್ನು ವಿಮೆಯ ವಿಚಾರ. ಲಂಡನ್ ನಗರವು 1666ರಲ್ಲಿ ಸುಟ್ಟುಹೋದ ತರುವಾಯ ಹದಿನೈದು ವರ್ಷಗಳೊಳಗೆ ನಿಕೊಲಸ್ ಬಾರ್ಬನ್ ಎಂಬ ಕಟ್ಟಡದ ಉದ್ಯಮಿ ಮನೆಗಳಿಗೆ ಬೆಂಕಿಯ ವಿಮೆಯನ್ನು ಮಾರಲಾರಂಭಿಸಿದನು. ಕಾಲಾನುಕ್ರಮದಲ್ಲಿ ಕಟ್ಟುತ್ತಿರುವ ಕಟ್ಟಡಕ್ಕೇ ಬೇರೆಯಾದ ವಿಮೆ ಬಂದಿತು. ಕಾಮಗಾರಿ ನಡೆಯುತ್ತಿರುವಾಗ ಬೆಂಕಿ, ಬಿರುಗಾಳಿ, ಕಳವು ಮೊದಲಾದುವುಗಳಿಂದಾಗುವ ನಷ್ಟಕ್ಕೆ ಒಂದು. ದಾರಿಹೋಕರಿಗೆ ಪೆಟ್ಟಾದರೆ ಇನ್ನೊಂದು. ಕೂಲಿಕಾರರ ಪರಿಹಾರಕ್ಕೆ ಮತ್ತೊಂದು. ನಕ್ಷೆ ಬರೆದವನ ತಪ್ಪಿಗೆ ಬೇರೊಂದು. ಪ್ರತಿಯೊಬ್ಬ ಒಳಗುತ್ತಿಗೆದಾರನೂ ಇವನ್ನು ಬೇರೆ ಬೇರೆಯಾಗಿ ಕೊಂಡರೆ ಅವಘಡವಾದಾಗ ವಿಮೆಗಾರರು ತಮ್ಮತಮ್ಮೊಳಗೇ ವ್ಯಾಜ್ಯ ಹೂಡುವರು. ಅದನ್ನು ತಪ್ಪಿಸಲು ಕಟ್ಟಿಸುವವರೇ ಎಲ್ಲರ ಪರವಾಗಿ ಒಂದೇ ವಿಮೆಯನ್ನು ಕೊಳ್ಳುವ ಪದ್ಧತಿಯೂ ರೂಢಿಗೆ ಬಂದಿದೆ. 1988ರಲ್ಲಿ ಸ್ಥಾಪಿತವಾದ ನ್ಯೂಯಾರ್ಕ್ ನಗರದ ಶಾಲಾ ನಿರ್ಮಾಣ ಪ್ರಾಧಿಕಾರವು ಈ ಪದ್ಧತಿಯನ್ನು ಅನುಸರಿಸಿದ ಸಂಸ್ಥೆಗಳಲ್ಲಿ ಒಂದು.

ಆದರೆ ವಿಮಾಪತ್ರದ ಮುಖ್ಯವಾದ ಭಾಗ ಅದು ಕೊಡುವ ವಾಗ್ದಾನದಲ್ಲಿರುವಷ್ಟೇ ಅದು ಹೊರಗಿಡುವ ಸಂಗತಿಗಳಲ್ಲಿಯೂ ಇರುತ್ತದೆ. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಭೂಕಂಪವಾಗಿ ಆಮೇಲೆ ಬೆಂಕಿಯೆದ್ದಾಗ ಈ ಸತ್ಯ ಜನರಿಗೆ ಮನವರಿಕೆಯಾಯಿತು. ಅವರ ಬಳಿ ಇದ್ದುದು ಬೆಂಕಿಯ ವಿಮೆ. ಅನೇಕ ಪತ್ರಗಳಲ್ಲಿ, ಬೆಂಕಿಯ ಹೊರತು ಅನ್ಯ ಕಾರಣದಿಂದ ಕಟ್ಟಡ ಬಿದ್ದರೆ ಆ ಕ್ಷಣವೇ ವಿಮೆ ರದ್ದಾಗುವುದೆಂಬ ನಿಬಂಧನೆ ಇದ್ದಿತು. ಬೂದಿಯಾದ ಮನೆ ಮೊದಲು ಬಿದ್ದಿತೋ ಮೊದಲು ಸುಟ್ಟಿತೋ ಎಂಬ ವಾದಗಳು ನಡೆದವು. ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯ ಕತ್‌ಬರ್ಟ್ ಹೀತ್ ಎಂಬುವನು, ಪತ್ರದ ನಿಬಂಧನೆ ಏನೇ ಇರಲಿ ತನ್ನ ಗಿರಾಕಿಗಳೆಲ್ಲರಿಗೂ ಪೂರ್ತಿಯಾಗಿ ಕೊಡಬೇಕೆಂದು ತಂತಿ ಕಳುಹಿಸಿದನು. ಆ ಒಂದು ತಂತಿಯಿಂದ ಲಾಯ್ಡ್ಸ್ ಸಂಸ್ಥೆಗೆ ಅಮೆರಿಕದಲ್ಲಿ ಬಂದ ಕೀರ್ತಿ ಬಹುಕಾಲ ನಿಂತಿತು. ಎಲ್ಲ ಸಂಸ್ಥೆಗಳೂ ಹಾಗೆ ನಡೆದುಕೊಳ್ಳಲಿಲ್ಲ.

ಇಂತಹುದೇ ಇನ್ನೊಂದು ನಿಬಂಧನೆ ಈ ಲೇಖನದ ವಿಷಯಕ್ಕೆ ಹೆಚ್ಚು ಹತ್ತಿರವಾದುದು. ಕಾಮಗಾರಿಯ ವಿಮೆಯು ಸಾಮಾನ್ಯವಾಗಿ ಕೆಟ್ಟ ಕೆಲಸವನ್ನು ಸರಿಪಡಿಸುವ ವೆಚ್ಚವನ್ನು ಕೊಡುವುದಿಲ್ಲ. ಕೆಟ್ಟ ಕೆಲಸದಿಂದ ಮತ್ತೊಂದು ಭಾಗ ಹಾಳಾದರೆ ಆ ಹಾನಿಗೆ ಮಾತ್ರ ಕೊಟ್ಟೀತು. ಗಾರೆಯಲ್ಲಿ ಸುಣ್ಣ ಸಾಲದೆ ಹೋದರೆ, ಕಬ್ಬಿಣ ಕಡಮೆಯಾದರೆ, ಅದು ವಿಮೆಯ ಕಣ್ಣಿಗೆ ಅವಘಡವಲ್ಲ. ಆ ದೋಷವು ಗೋಡೆಯೊಳಗೆ ಹುದುಗಿದ್ದು ಹತ್ತಾರು ವರ್ಷ ಸದ್ದಿಲ್ಲದೆ ಇರಬಹುದು. ಹಾಗಾದರೆ ಅದನ್ನು ಕಾಣುವವರು ಯಾರು?

ಈ ಪ್ರಶ್ನೆಗೆ ಉತ್ತರ ವಿಮೆಯ ಇತಿಹಾಸದೊಳಗಿನಿಂದಲೇ, ಅದೂ ಶಾಲೆಗೆ ಸಂಬಂಧವೇ ಇಲ್ಲದ ಹತ್ತಿಯ ಗಿರಣಿಗಳಿಂದ ಬಂದಿತೆಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದಲ್ಲಿ ಜಕರಾಯ ಆಲನ್ ಎಂಬ ಗಿರಣಿಯ ಒಡೆಯನಿದ್ದನು. ಅವನು 1822ರಲ್ಲಿ ಕಟ್ಟಿಸಿದ ತನ್ನ ಗಿರಣಿಯಲ್ಲಿ ಬೆಂಕಿ ಹರಡದಂತೆ ಬಹುವಾದ ಎಚ್ಚರಿಕೆಗಳನ್ನು ವಹಿಸಿದನು. ಆಮೇಲೆ ವಿಮೆಯವರ ಬಳಿ ಹೋಗಿ ಕಂತನ್ನು ಇಳಿಸಬೇಕೆಂದು ಕೇಳಿದಾಗ, ಎಲ್ಲ ಗಿರಣಿಗಳಿಗೂ ಒಂದೇ ದರವೆಂಬ ಉತ್ತರ ಬಂದಿತು. ಎಚ್ಚರದಿಂದಿರುವವನೂ ಎಚ್ಚರಗೇಡಿಯೂ ಒಂದೇ ಕಂತು ತೆರಬೇಕಾದರೆ ಎಚ್ಚರವೇಕೆ? ಆಲನ್‌ನು ತನ್ನಂತಹ ಇತರ ಒಡೆಯರನ್ನು ಕೂಡಿಸಿ 1835ರಲ್ಲಿ ಪರಸ್ಪರ ವಿಮೆಯ ಸಂಸ್ಥೆಯೊಂದನ್ನು ಕಟ್ಟಿದನು. ಒಬ್ಬನ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವರಾದ್ದರಿಂದ ಒಬ್ಬರ ಗಿರಣಿಯನ್ನು ಇನ್ನೊಬ್ಬರು ನೋಡುವ ಹಕ್ಕು ಸಹಜವಾಗಿಯೇ ಬಂದಿತು. ಈ ಬಗೆಯ ಸಂಸ್ಥೆಗಳು ಬೆಳೆದಂತೆ ಪರೀಕ್ಷಕರು ಗಿರಣಿಯಿಂದ ಗಿರಣಿಗೆ ಹೋಗಿ ನೀರಿನ ಕೊಳವೆ, ಬಾಗಿಲು, ತೊಲೆಗಳನ್ನು ಪರೀಕ್ಷಿಸತೊಡಗಿದರು. ನಷ್ಟ ತುಂಬಿಕೊಡುವ ಸಂಸ್ಥೆ ನಷ್ಟವನ್ನು ತಡೆಯುವ ಸಂಸ್ಥೆಯಾಗಿ ಬೆಳೆದ ಬಗೆ ಇದು.

ಆ ಪರೀಕ್ಷಕರ ಪರಂಪರೆಯಲ್ಲಿ ಬಂದವನು ಜಾನ್ ಆರ್. ಫ್ರೀಮನ್. ನೀರಾವರಿ, ನೀರು ಸರಬರಾಜಿನ ವಿದ್ಯೆಯಲ್ಲಿ ಹೆಸರಾದ ಈ ಇಂಜಿನಿಯರು ಗಿರಣಿಗಳ ವಿಮಾ ಸಂಸ್ಥೆಯ ಪರೀಕ್ಷಣಾ ವಿಭಾಗದಲ್ಲಿ ದುಡಿದು ಕಡೆಗೆ ಆಲನ್ ಸ್ಥಾಪಿಸಿದ ಸಂಸ್ಥೆಗೇ ಅಧ್ಯಕ್ಷನಾದನು. ಇಳಿವಯಸ್ಸಿನಲ್ಲಿ ಅವನ ಗಮನ ಭೂಕಂಪದ ಕಡೆ ತಿರುಗಿತು. ಭೂಕಂಪದ ಹಾನಿ ಮತ್ತು ಭೂಕಂಪದ ವಿಮೆಯನ್ನು ಕುರಿತು 1932ರಲ್ಲಿ ಅವನು ಪ್ರಕಟಿಸಿದ ಬೃಹದ್ಗ್ರಂಥವು ಲೋಕದ ನಾನಾ ಭಾಗಗಳ ಭೂಕಂಪಗಳಲ್ಲಿ ಯಾವ ಬಗೆಯ ಕಟ್ಟಡ ನಿಂತಿತು, ಯಾವುದು ಬಿದ್ದಿತು ಎಂಬ ವಿವರವನ್ನು ತಾಳ್ಮೆಯಿಂದ ಕೂಡಿಹಾಕಿದೆ. ಚೆನ್ನಾಗಿ ಕಟ್ಟಿದ ಕಟ್ಟಡಕ್ಕೆ ಭೂಕಂಪವು ಅನಿವಾರ್ಯವಾದ ವಿನಾಶವಲ್ಲ, ಆದ್ದರಿಂದ ಹಾನಿಯನ್ನೂ ಕಂತನ್ನೂ ತಗ್ಗಿಸಲು ಸಾಧ್ಯ ಎಂಬುದು ಅವನ ವಾದ. ಆದರೆ ಪ್ರಬಲವಾದ ಕಂಪನದಲ್ಲಿ ನೆಲ ನಿಜವಾಗಿ ಎಷ್ಟು ಅಲುಗುತ್ತದೆಂಬುದನ್ನು ಅಳೆದವರೇ ಇರಲಿಲ್ಲ. ಅಳೆಯುವ ಯಂತ್ರಗಳನ್ನು ಸ್ಥಾಪಿಸಬೇಕೆಂದು ಫ್ರೀಮನ್ ಸರ್ಕಾರವನ್ನು ಬಿಡದೆ ಒತ್ತಾಯಿಸಿದನು. 1932ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಯಂತ್ರಗಳನ್ನು ಇರಿಸಲಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಫ್ರೀಮನ್ ತೀರಿಕೊಂಡನು. ಐದು ತಿಂಗಳ ಬಳಿಕ ಆ ಯಂತ್ರಗಳಿಗೆ ಕೆಲಸ ಬಂದಿತು.

1933ರ ಮಾರ್ಚ್ 10, ಶುಕ್ರವಾರ. ಆರ್ಥಿಕ ಮುಗ್ಗಟ್ಟಿನಿಂದ ಅಮೆರಿಕದ ಬ್ಯಾಂಕುಗಳೆಲ್ಲ ಸರ್ಕಾರದ ಆಜ್ಞೆಯಂತೆ ಬಾಗಿಲು ಹಾಕಿದ್ದ ವಾರವದು. ಸಂಜೆ ಆರು ಗಂಟೆಗೆ ಕೆಲವು ನಿಮಿಷಗಳಿರುವಾಗ ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ಲಾಂಗ್ ಬೀಚ್ ಪ್ರದೇಶದಲ್ಲಿ 6.4 ಪ್ರಮಾಣದ ಭೂಕಂಪವಾಯಿತು. ಸುಮಾರು 120 ಮಂದಿ ಮಡಿದರು. ಭೂಕಂಪಗಳ ಲೆಕ್ಕದಲ್ಲಿ ಇದು ಮಧ್ಯಮ ಪ್ರಮಾಣದ್ದು. ಆದರೆ ಬೆಳಗಾದ ಮೇಲೆ ಜನರಿಗೆ ಕಂಡ ದೃಶ್ಯ ಭೀಕರವಾಗಿದ್ದಿತು. 230ಕ್ಕೂ ಹೆಚ್ಚಿನ ಶಾಲಾ ಕಟ್ಟಡಗಳು ಒಂದೋ ನಾಶವಾಗಿದ್ದವು, ಇಲ್ಲವೇ ತೀವ್ರವಾಗಿ ಜಖಂಗೊಂಡಿದ್ದವು, ಇಲ್ಲವೇ ಬಳಸಲು ಯೋಗ್ಯವಲ್ಲವೆಂದು ನಿರ್ಣಯಿಸಲ್ಪಟ್ಟವು. ಅವುಗಳಲ್ಲಿ 70 ಪೂರ್ಣವಾಗಿ ನಾಶವಾಗಿದ್ದವು. ಕೆಲವೇ ಗಂಟೆಗಳ ಹಿಂದೆ ಮಕ್ಕಳು ಕುಳಿತಿದ್ದ ಬೆಂಚುಗಳ ಮೇಲೆ ಇಟ್ಟಿಗೆಯ ರಾಶಿ ಬಿದ್ದಿದ್ದಿತು. ಹುಡುಗರು ಓಡಿ ಹೊರಬರಬೇಕಾದ ಮುಖದ್ವಾರಗಳ ಮೇಲೆಯೇ ಭಾರಿ ಅಲಂಕಾರದ ಕಲ್ಲು, ಗಾರೆಗಳು ಕುಸಿದಿದ್ದವು. ಮುಂದೆ ಎಷ್ಟೋ ಕಾಲ ಲಾಂಗ್ ಬೀಚಿನ ಮಕ್ಕಳು ಡೇರೆಗಳಲ್ಲಿಯೂ ಬಯಲಿನಲ್ಲಿಯೂ ಪಾಠ ಕೇಳಿದರು.

ಈ ಕಟ್ಟಡಗಳಲ್ಲಿ ಅನೇಕವು ನೋಡಲು ಭವ್ಯವಾಗಿದ್ದವು. ಕಂಬಗಳು, ಕಮಾನುಗಳು, ಎತ್ತರದ ಮುಖಭಿತ್ತಿಗಳು ಊರಿನ ಹೆಮ್ಮೆಯಾಗಿದ್ದವು. ಕಬ್ಬಿಣದ ಕಟ್ಟಿಲ್ಲದ ಇಟ್ಟಿಗೆಯ ಗೋಡೆಗಳು, ಕೈಯಿಂದ ಕೆರೆದರೆ ಉದುರುವ ದುರ್ಬಲ ಗಾರೆ, ಗೋಡೆಗೂ ಛಾವಣಿಗೂ ಸರಿಯಾದ ಬಂಧವಿಲ್ಲದ ರಚನೆ, ಇವು ಆ ಭವ್ಯತೆಯ ಹಿಂದಿದ್ದವು. ಮುನ್ಸೂಚನೆ ಇರಲಿಲ್ಲವೆಂದಲ್ಲ. 1925ರ ಜೂನ್ 29ರ ಬೆಳಗ್ಗೆ ಸಾಂಟಾ ಬಾರ್ಬರಾ ನಗರದಲ್ಲಿ ಭೂಕಂಪವಾದಾಗಲೂ ಶಾಲೆಗಳು ಜಖಂಗೊಂಡಿದ್ದವು. ಬೇಸಗೆಯ ರಜೆಯಾದ್ದರಿಂದ ಮಕ್ಕಳು ಉಳಿದರು, ಪಾಠವು ಮರೆತುಹೋಯಿತು.

ಈ ಸಲ ಮರೆಯಲಿಲ್ಲ. ಶಾಸನಸಭೆಯ ಸದಸ್ಯ ಡಾನ್ ಫೀಲ್ಡ್ ಮಂಡಿಸಿದ ಮಸೂದೆ ಭೂಕಂಪವಾದ ಒಂದೇ ತಿಂಗಳೊಳಗೆ, 1933ರ ಏಪ್ರಿಲ್ 10ರಂದು, ಕಾಯಿದೆಯಾಯಿತು. ವಿಜ್ಞಾನಿ ರಾಬರ್ಟ್ ಮಿಲಿಕನ್‌ನ ಅಧ್ಯಕ್ಷತೆಯಲ್ಲಿ ತಾಂತ್ರಿಕ ಸಮಿತಿಯೊಂದು ಕೂಡಿ ಅದೇ ವರ್ಷ ತನ್ನ ವರದಿಯನ್ನು ಕೊಟ್ಟಿತು. ಫ್ರೀಮನ್‌ನ ಒತ್ತಾಯದಿಂದ ಇರಿಸಿದ ಯಂತ್ರಗಳಲ್ಲಿ ಪ್ರಬಲ ಭೂಕಂಪವೊಂದರ ನೆಲದ ಚಲನೆ ಲೋಕದಲ್ಲಿಯೇ ಮೊದಲ ಬಾರಿಗೆ ದಾಖಲಾಗಿದ್ದಿತು. ವಿಮೆಯ ಲೆಕ್ಕಾಚಾರಕ್ಕಾಗಿ ಬೇಡಿದ ಅಳತೆ ಮುಂದೆ ಗೋಡೆಗಳನ್ನು ಬಲಪಡಿಸುವ ಲೆಕ್ಕಾಚಾರಕ್ಕೆ ಒದಗಿತು.

ಫೀಲ್ಡ್ ಕಾಯಿದೆಯ ವೈಶಿಷ್ಟ್ಯವು ಅದು ವಿಧಿಸಿದ ಕಬ್ಬಿಣ, ಕಾಂಕ್ರೀಟುಗಳ ಪ್ರಮಾಣದಲ್ಲಿರುವುದಕ್ಕಿಂತ ಅದು ಹೊಣೆಯನ್ನು ಹಂಚಿದ ಬಗೆಯಲ್ಲಿದೆ. ಸಾರ್ವಜನಿಕ ಶಾಲೆಯ ನಕ್ಷೆಯನ್ನು ಅರ್ಹತೆ ಪಡೆದ ವಾಸ್ತುಶಿಲ್ಪಿಯೋ ಇಂಜಿನಿಯರೋ ಸಿದ್ಧಪಡಿಸಬೇಕು. ರಾಜ್ಯದ ವಾಸ್ತುಶಿಲ್ಪ ವಿಭಾಗವು ಅದನ್ನು ಪರಿಶೀಲಿಸಿ ಒಪ್ಪಿಗೆ ಕೊಡುವವರೆಗೆ ಗುತ್ತಿಗೆ ಕೊಡುವಂತಿಲ್ಲ. ಇಷ್ಟಾದರೆ ಕಾಗದದ ಕೆಲಸ ಮುಗಿಯಿತು. ಕಟ್ಟುವ ಕಾಲದಲ್ಲಿ ಮೊದಲಿಂದ ಕಡೆಯವರೆಗೆ ಸ್ಥಳದಲ್ಲಿದ್ದು ನೋಡುವ ಒಬ್ಬ ಪರೀಕ್ಷಕನಿರಬೇಕು. ಅವನಿಗೆ ಸಂಬಳ ಕೊಡುವುದು ಶಾಲಾ ಮಂಡಲಿ. ಅವನ ಯೋಗ್ಯತೆಯನ್ನು ಒಪ್ಪಬೇಕಾದುದು ರಾಜ್ಯದ ವಿಭಾಗ. ಗುತ್ತಿಗೆದಾರನ ಋಣ ಅವನ ಮೇಲೆ ಇರಕೂಡದು. ಕಡೆಗೆ ವಾಸ್ತುಶಿಲ್ಪಿ, ಇಂಜಿನಿಯರು, ಪರೀಕ್ಷಕ, ಗುತ್ತಿಗೆದಾರ ಇವರೆಲ್ಲರೂ ತಾವು ತಿಳಿದಮಟ್ಟಿಗೆ ಕೆಲಸವು ನಕ್ಷೆಯಂತೆಯೇ ನಡೆದಿದೆಯೆಂದು ಪ್ರಮಾಣಪೂರ್ವಕವಾದ ವರದಿಗೆ ರುಜು ಹಾಕಬೇಕು. ಸುಳ್ಳು ವರದಿ ಕೊಟ್ಟವನು ಘೋರಾಪರಾಧಿಯಾಗುತ್ತಾನೆ.

ಈ ಪ್ರಮಾಣದ ವರದಿಯ ಮಹತ್ತ್ವವನ್ನು ಸ್ವಲ್ಪ ವಿಚಾರಿಸಬೇಕು. ಜಾಮೀನಿನ ಸಂಸ್ಥೆ ಹಣವನ್ನು ಒಡ್ಡುತ್ತದೆ. ವಿಮೆಯೂ ಹಣವನ್ನೇ ಒಡ್ಡುತ್ತದೆ. ಇಲ್ಲಿ ಒಡ್ಡಬೇಕಾದುದು ತನ್ನ ಹೆಸರು ಮತ್ತು ಸ್ವಾತಂತ್ರ್ಯ. ಹಮ್ಮುರಾಬಿಯ ಶಾಸನದಲ್ಲಿದ್ದ ವೈಯಕ್ತಿಕ ಹೊಣೆಯು ಅದರ ಕ್ರೌರ್ಯವನ್ನು ಕಳೆದುಕೊಂಡು, ಗೋಡೆ ಬೀಳುವುದಕ್ಕೆ ಮುಂಚೆಯೇ ಎಚ್ಚರಿಸುವ ರೂಪದಲ್ಲಿ ಮರಳಿ ಬಂದಿತೆಂದರೆ ತಪ್ಪಾಗಲಾರದು. ಕಾಯಿದೆಯಿಂದ ಶಾಲೆಗಳ ವೆಚ್ಚ ಹೆಚ್ಚುವುದೆಂಬ ಆಕ್ಷೇಪಣೆಗಳೂ ಅಂದಿನಿಂದ ಕೇಳಿಬಂದಿವೆ. ಆಕ್ಷೇಪಣೆ ಸುಳ್ಳಲ್ಲ, ನಿತ್ಯ ನಿಂತು ನೋಡುವವನಿಗೆ ಸಂಬಳ ಕೊಡಲೇಬೇಕು.

ಫಲವು ತಿಳಿದುಬರಲು ಬಹುಕಾಲ ಬೇಕಾಗಲಿಲ್ಲ. 1952ರ ಜುಲೈ 21ರಂದು ಕರ್ನ್ ಪ್ರಾಂತ್ಯದಲ್ಲಿ ಲಾಂಗ್ ಬೀಚಿನದಕ್ಕಿಂತ ಬಹಳ ಪ್ರಬಲವಾದ ಭೂಕಂಪವಾಯಿತು. ಕಾಯಿದೆಗೆ ಮೊದಲು ಕಟ್ಟಿದ ಶಾಲೆಗಳು ತೀವ್ರವಾಗಿ ಜಖಂಗೊಂಡವು. ಕಾಯಿದೆಯ ಬಳಿಕ ಕಟ್ಟಿದವುಗಳಿಗಾದ ಹಾನಿ ಅಲ್ಪ. ಒಂದೇ ಊರಿನಲ್ಲಿ, ಒಂದೇ ನೆಲದ ಮೇಲೆ, ಎರಡು ತಲೆಮಾರಿನ ಕಟ್ಟಡಗಳು ಅಕ್ಕಪಕ್ಕದಲ್ಲಿ ನಿಂತು ಸಾಕ್ಷಿ ಹೇಳಿದಂತಾಯಿತು. 1971ರ ಸ್ಯಾನ್ ಫರ್ನಾಂಡೋ, 1994ರ ನಾರ್ತ್‌ರಿಜ್ ಭೂಕಂಪಗಳಲ್ಲಿಯೂ ಈ ಕಾಯಿದೆಗೆ ಅನುಸಾರವಾಗಿ ಕಟ್ಟಿದ ಶಾಲೆಗಳು ಕುಸಿಯಲಿಲ್ಲ. ನಾರ್ತ್‌ರಿಜ್‌ನಲ್ಲಿ ತೂಗುದೀಪಗಳೂ ಒಳಮಾಳಿಗೆಯ ಹಲಗೆಗಳೂ ತರಗತಿಗಳಲ್ಲಿ ಬಿದ್ದು, ಗೋಡೆ ನಿಂತರಷ್ಟೇ ಸಾಲದೆಂಬುದನ್ನು ತೋರಿಸಿದವು.

ಈ ಭೂಕಂಪಗಳೆಲ್ಲ ನಸುಕಿನಲ್ಲೋ ರಜೆಯಲ್ಲೋ ಬಂದವೆಂಬುದನ್ನೂ ಮರೆಯಬಾರದು. ಕಾಲವು ಎಲ್ಲೆಡೆಯೂ ಇಷ್ಟು ಕರುಣಾಳುವಲ್ಲ. 2008ರ ಮೇ 12ರಂದು ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಮಧ್ಯಾಹ್ನ ಎರಡೂವರೆ ಗಂಟೆಯ ಸುಮಾರಿಗೆ, ತರಗತಿಗಳು ನಡೆಯುತ್ತಿರುವಾಗಲೇ, ನೆಲ ನಡುಗಿತು. ಮಡಿದ ಮತ್ತು ಕಾಣೆಯಾದ ವಿದ್ಯಾರ್ಥಿಗಳ ಸಂಖ್ಯೆ ಅಲ್ಲಿನ ಸರ್ಕಾರದ ಲೆಕ್ಕದಲ್ಲಿಯೇ 5,335.

ಫೀಲ್ಡ್ ಕಾಯಿದೆಗೂ ಕುಂದುಗಳಿದ್ದವು. ಅದು ಹೊಸ ಕಟ್ಟಡಗಳಿಗೆ ಮಾತ್ರ ಅನ್ವಯಿಸಿದ್ದರಿಂದ ಹಳೆಯ ಶಾಲೆಗಳಲ್ಲಿ ಮಕ್ಕಳು ಮೊದಲಿನಂತೆಯೇ ಕುಳಿತಿದ್ದರು. 1939ರ ಗ್ಯಾರಿಸನ್ ಕಾಯಿದೆಯೂ 1967ರ ಗ್ರೀನ್ ಕಾಯಿದೆಯೂ ಆ ಹಳೆಯ ಕಟ್ಟಡಗಳ ಕಡೆ ಗಮನ ಸೆಳೆದವು. ಅವುಗಳ ಬಳಕೆಗೆ ತೆರೆ ಬೀಳಲು 1970ರ ದಶಕದವರೆಗೆ ಕಾಯಬೇಕಾಯಿತು. ಇನ್ನೂ ಸೂಕ್ಷ್ಮವಾದ ಕುಂದು ಬಹುಕಾಲದ ಮೇಲೆ ಬೆಳಕಿಗೆ ಬಂದಿತು. ಕಡೆಯ ಪ್ರಮಾಣದ ವರದಿಗಳು ಬಾರದೆ, ಅಂತಿಮ ಒಪ್ಪಿಗೆಯಿಲ್ಲದೆ, ಬಳಕೆಯಲ್ಲಿರುವ ಶಾಲಾ ಕಾಮಗಾರಿಗಳು ಸಾವಿರಾರು ಇವೆಯೆಂದು 2011ರಲ್ಲಿ ಪತ್ರಕರ್ತರ ತನಿಖೆಯೊಂದು ಪ್ರಕಟಪಡಿಸಿತು. ಅವೆಲ್ಲವೂ ದುರ್ಬಲವೆಂದು ಇದರ ಅರ್ಥವಲ್ಲ. ರುಜು ಹಾಕಬೇಕಾದವರು ಹಾಕದೆ ಹೋದರೂ ಬಾಗಿಲು ತೆರೆಯಿತು ಎಂಬುದಷ್ಟೇ. ಎಂಬತ್ತು ವರ್ಷಗಳ ಹಿಂದಿನ ಭಯವು ಕಾಗದದ ಕಟ್ಟುಗಳಲ್ಲಿ ಮಾಸುತ್ತ ಬಂದುದಕ್ಕೆ ಇದು ನಿದರ್ಶನ.

ಇನ್ನು ಸ್ಕಾಟ್‌ಲೆಂಡಿನ ವೃತ್ತಾಂತ. ಬ್ರಿಟನ್ನಿನಲ್ಲಿ ಕಟ್ಟಿಸುವವನ ಪರವಾಗಿ ಸ್ಥಳದಲ್ಲಿ ನಿಂತು ಕೆಲಸ ನೋಡುವವನಿಗೆ ‘ಕ್ಲಾರ್ಕ್ ಆಫ್ ವರ್ಕ್ಸ್’ ಎಂಬ ಪ್ರಾಚೀನವಾದ ಹೆಸರಿದೆ. ಇಂಗ್ಲಿಷ್ ಕಾವ್ಯದ ಪಿತನೆನಿಸಿದ ಚಾಸರ್ ಕವಿಯೇ 1389ರಿಂದ 1391ರವರೆಗೆ ರಾಜನ ಕಟ್ಟಡಗಳ ಈ ಅಧಿಕಾರಿಯಾಗಿದ್ದನೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಆರು ನೂರು ವರ್ಷ ನಡೆದುಬಂದ ಈ ಹುದ್ದೆ ಇಪ್ಪತ್ತನೆಯ ಶತಮಾನದ ಕಡೆಯ ವೇಳೆಗೆ ಅನಗತ್ಯ ವೆಚ್ಚವೆಂಬಂತೆ ಅನೇಕ ಕಾಮಗಾರಿಗಳಿಂದ ಮರೆಯಾಗತೊಡಗಿತು. ಅದೇ ಕಾಲದಲ್ಲಿ ಶಾಲೆ ಕಟ್ಟಿಸುವ ಹೊಸ ಪದ್ಧತಿಯೊಂದು ಬಂದಿತು. ನಗರಸಭೆಯು ತಾನು ಸಾಲಮಾಡಿ ಕಟ್ಟಿಸುವುದಕ್ಕೆ ಬದಲಾಗಿ, ಖಾಸಗಿ ಸಂಸ್ಥೆಗಳ ಕೂಟವೊಂದು ಬಂಡವಾಳ ಹೂಡಿ ಶಾಲೆಯನ್ನು ಕಟ್ಟಿ, ಅನೇಕ ವರ್ಷಗಳ ಕಾಲ ನೋಡಿಕೊಳ್ಳುವುದು. ನಗರಸಭೆ ಅದಕ್ಕೆ ವರ್ಷವರ್ಷವೂ ಹಣ ಸಲ್ಲಿಸುವುದು. ಕಟ್ಟಡದ ಅಪಾಯವೆಲ್ಲ ಒಪ್ಪಂದದ ಮೂಲಕ ಆ ಕೂಟಕ್ಕೆ ವರ್ಗವಾಗುವುದೆಂಬುದು ಈ ಪದ್ಧತಿಯ ಹೆಗ್ಗಳಿಕೆಯಾಗಿತ್ತು. ಎಡಿನ್‌ಬರೋ ನಗರಸಭೆ 2001ರಲ್ಲಿ ಇಂತಹ ಒಪ್ಪಂದ ಮಾಡಿಕೊಂಡಿತು.

2016ರ ಜನವರಿ 29ರಂದು ಆ ನಗರದ ಮೇಲೆ ಬಿರುಗಾಳಿ ಬೀಸಿತು. ಆಕ್ಸ್‌ಗ್ಯಾಂಗ್ಸ್ ಪ್ರಾಥಮಿಕ ಶಾಲೆಯ ಹೊರಗೋಡೆಯ ಒಂದು ಭಾಗ, ಸುಮಾರು ಒಂಬತ್ತು ಟನ್ ತೂಕದ ಇಟ್ಟಿಗೆ, ಕುಸಿದು ಬಿದ್ದಿತು. ಮಕ್ಕಳು ಬರುವುದಕ್ಕೆ ಮುಂಚಿನ ಬೆಳಗಿನ ಹೊತ್ತಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಲಾಂಗ್ ಬೀಚಿನಲ್ಲಿ ಸಂಜೆ ಮಾಡಿದ ಉಪಕಾರವನ್ನು ಇಲ್ಲಿ ಮುಂಜಾವು ಮಾಡಿತು. ಭೂಕಂಪವಿಲ್ಲದ ನಾಡಿನಲ್ಲಿ, ಕಟ್ಟಿ ಹತ್ತು ಹನ್ನೆರಡು ವರ್ಷವಾದ ಗೋಡೆ, ಗಾಳಿಗೆ ಬಿದ್ದುದಾದರೂ ಏಕೆ? ಮಿಕ್ಕ ಶಾಲೆಗಳನ್ನೂ ಪರೀಕ್ಷಿಸಿದಾಗ ಅದೇ ಬಗೆಯ ದೋಷಗಳು ಕಂಡವು. ಏಪ್ರಿಲಿನಲ್ಲಿ ಒಪ್ಪಂದದ 17 ಶಾಲೆಗಳನ್ನು ಒಟ್ಟಿಗೆ ಮುಚ್ಚಬೇಕಾಯಿತು. ಏಳು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನಗರದ ಬೇರೆ ಬೇರೆ ಶಾಲೆಗಳಿಗೆ ಬಸ್ಸುಗಳಲ್ಲಿ ಕಳುಹಿಸಲಾಯಿತು.

ಜಾನ್ ಕೋಲ್ ಎಂಬ ವಾಸ್ತುಶಿಲ್ಪಿ ನಡೆಸಿದ ವಿಚಾರಣೆಯ ವರದಿ 2017ರ ಫೆಬ್ರವರಿಯಲ್ಲಿ ಹೊರಬಂದಿತು. ಅದು ಹೇಳಿದ ಕಾರಣ ಅಂಗುಲಗಳಲ್ಲಿ ಅಳೆಯಬಹುದಾದುದು. ಅಲ್ಲಿನ ಹೊರಗೋಡೆ ಎರಡು ಪದರಗಳದು, ನಡುವೆ ಟೊಳ್ಳು. ಎರಡು ಪದರಗಳನ್ನು ಲೋಹದ ಕೊಂಡಿಗಳು ಹಿಡಿದಿರುತ್ತವೆ. ಕೊಂಡಿಯ ತುದಿ ಗಾರೆಯೊಳಗೆ ಕಡೆಯ ಪಕ್ಷ 50 ಮಿಲಿಮೀಟರು, ಅಂದರೆ ಸುಮಾರು ಎರಡು ಅಂಗುಲ, ಹೂತಿರಬೇಕು. ಹೊರಪದರದಲ್ಲಿ ಅವು ಅಷ್ಟು ಹೂತಿರಲಿಲ್ಲ. ಎರಡು ಪದರಗಳ ಅಂತರ ಇರಬೇಕಾದುದಕ್ಕಿಂತ ಹೆಚ್ಚಾದಾಗ ಕೊಂಡಿ ಸಾಲದೆ ಹೋಗುತ್ತದೆ. ಮೇಸ್ತ್ರಿಯು ನಿಲ್ಲಿಸಿ ಹೇಳಬೇಕು, ಹೇಳದೆ ಮುಂದಿನ ಸಾಲಿನ ಇಟ್ಟಿಗೆ ಇಟ್ಟರೆ ದೋಷ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಇಟ್ಟಿಗೆಗಳ ಸಂಖ್ಯೆಯ ಮೇಲೆ ಕೂಲಿ ಕೊಡುವ ವಾಡಿಕೆಯನ್ನೂ ವರದಿ ಚರ್ಚಿಸಿದೆ. ಆದರೆ ತಪ್ಪನ್ನು ಕೂಲಿಕಾರನ ತಲೆಗೆ ಕಟ್ಟಿ ಸುಮ್ಮನಾಗಲಿಲ್ಲ. ಒಳಗುತ್ತಿಗೆದಾರನು ನೋಡಬೇಕಾಗಿತ್ತು, ಮುಖ್ಯ ಗುತ್ತಿಗೆದಾರನು ನೋಡಬೇಕಾಗಿತ್ತು. ಅಪಾಯವನ್ನು ಖಾಸಗಿಯವರಿಗೆ ವರ್ಗಾಯಿಸಿದ್ದೇವೆ, ಆದ್ದರಿಂದ ನಾವು ನೋಡಬೇಕಾದ ಅಗತ್ಯವಿಲ್ಲ ಎಂಬ ಕಟ್ಟಿಸುವವರ ಭಾವನೆಯೇ ಸರಿಯಲ್ಲವೆಂದೂ, ಸ್ವತಂತ್ರ ಪರೀಕ್ಷಕರು ಸ್ಥಳದಲ್ಲಿರಬೇಕೆಂದೂ ವರದಿ ಸ್ಪಷ್ಟಪಡಿಸಿತು.

ಇಲ್ಲಿ ಒಂದು ನ್ಯಾಯವಾದ ಮಾತನ್ನು ಹೇಳಬೇಕು. ಹಣದ ದೃಷ್ಟಿಯಿಂದ ನೋಡಿದರೆ ಎಡಿನ್‌ಬರೋ ಒಪ್ಪಂದ ವಿಫಲವಾಗಲಿಲ್ಲ. ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ನಗರಸಭೆ ತಾನು ಸಲ್ಲಿಸಬೇಕಾದ ಹಣವನ್ನು ತಡೆಹಿಡಿಯಿತು. ಗೋಡೆಗಳ ದುರಸ್ತಿ ಖಾಸಗಿ ಕೂಟದ ಪಾಲಿಗೆ ಬಂದಿತು. ‘ಹೊಣೆ’ ಎಂಬ ಮಾತಿನ ಮೊದಲನೆಯ ಅರ್ಥ ಅಲ್ಲಿ ಸರಿಯಾಗಿಯೇ ನಡೆಯಿತು. ಗೋಡೆ ಇನ್ನೆರಡು ಗಂಟೆ ತಡೆದು ಬಿದ್ದಿದ್ದರೂ ಲೆಕ್ಕದ ಪುಸ್ತಕದಲ್ಲಿ ಬಹುಶಃ ಅದೇ ಬರವಣಿಗೆ ಇರುತ್ತಿತ್ತು.

ಬೇಸಗೆಯ ತಿಂಗಳುಗಳಲ್ಲಿ ಗೋಡೆಗಳನ್ನು ಬಲಪಡಿಸಿ, ಸಾಲದೆ ಹೋಗಿದ್ದ ಕೊಂಡಿಗಳ ಸ್ಥಾನದಲ್ಲಿ ಹೊಸವನ್ನು ಕೂರಿಸಲಾಯಿತು. 2016ರ ಆಗಸ್ಟಿನಲ್ಲಿ ಹೊಸ ಶಾಲಾ ವರ್ಷ ಆರಂಭವಾದಾಗ ಮಕ್ಕಳು ತಮ್ಮ ತಮ್ಮ ತರಗತಿಗಳಿಗೆ ಹಿಂದಿರುಗಿದರು.